ಮಕ್ಕಳ ಮಿದುಳಿನ ಕೀವುಗಡ್ಡೆ: ಶಸ್ತ್ರಚಿಕಿತ್ಸೆ ಯಾವಾಗ, ಹೇಗೆ?

ಸೋಂಕು ಮಿದುಳನ್ನು ಹೊಕ್ಕು ಕೀವು ಕಟ್ಟಿ, ಅದರ ಸುತ್ತ ಪೊರೆ ಬೆಳೆದರೆ ಅದೇ ಕೀವುಗಡ್ಡೆ. ವೈದ್ಯರು ಬ್ರೈನ್ ಆಬ್ಸೆಸ್ ಎನ್ನುತ್ತಾರೆ. ಕಾಯಿಲೆ ಅಪರೂಪದ್ದು, ಆದರೆ ತಡವಾದರೆ ಜೀವಕ್ಕೇ ಕುತ್ತು.

ಎಲ್ಲಿಂದ ಬರುತ್ತದೆ?

ನಮ್ಮಲ್ಲಿ ಎರಡು ಮೂಲಗಳು ಮುಖ್ಯ. ಮೊದಲನೆಯದು ಬಹುಕಾಲ ಸೋರುವ ಕಿವಿ. ನಡುಗಿವಿಯ ಸೋಂಕು ತೆಳುವಾದ ಮೂಳೆಯನ್ನು ಸವೆಸಿ ಪಕ್ಕದ ಮಿದುಳಿಗೋ ಕಿರುಮಿದುಳಿಗೋ ಹರಡುತ್ತದೆ. ಎರಡನೆಯದು ಫ್ಯಾಲೊ ಟೆಟ್ರಾಲಜಿಯಂಥ ಜನ್ಮಜಾತ ಹೃದಯದೋಷ. ಇಂಥ ಮಕ್ಕಳ ತುಟಿ, ಉಗುರು ನೀಲಿಯಾಗಿರುತ್ತವೆ. ಅಶುದ್ಧ ರಕ್ತದ ಒಂದು ಪಾಲು ಶ್ವಾಸಕೋಶಕ್ಕೆ ಹೋಗದೆಯೇ ಮೈಗೆಲ್ಲ ಹರಿಯುವುದರಿಂದ ರೋಗಾಣುಗಳು ನೇರವಾಗಿ ಮಿದುಳು ತಲುಪುತ್ತವೆ. ಸೈನಸ್ ಸೋಂಕು, ತಲೆಗೆ ಬಿದ್ದ ಪೆಟ್ಟು, ಶಿಶುಗಳಲ್ಲಿ ಮೆನಿಂಜೈಟಿಸ್ ಕೂಡ ಕಾರಣವಾಗಬಹುದು.

ಲಕ್ಷಣ, ತಪಾಸಣೆ

ತಲೆನೋವು, ವಾಂತಿ, ಫಿಟ್ಸ್, ಮಂಪರು, ಒಂದು ಬದಿಯ ಕೈಕಾಲಿನಲ್ಲಿ ಬಲಹೀನತೆ ಕಾಣಿಸುತ್ತವೆ. ಜ್ವರ ಇರಲೇಬೇಕೆಂದಿಲ್ಲ. ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್‌ನಲ್ಲಿ ಗಡ್ಡೆ ಗೊತ್ತಾಗುತ್ತದೆ. ಗಡ್ಡೆಯ ಸಂಶಯವಿದ್ದಾಗ ಬೆನ್ನುಹುರಿಯ ನೀರು ತೆಗೆಯುವುದು ಅಪಾಯಕಾರಿ.

ಶಸ್ತ್ರಚಿಕಿತ್ಸೆಯ ಬಗೆಗಳು

ಪೊರೆ ಗಟ್ಟಿಯಾಗಲು ಸುಮಾರು 2 ವಾರ ಬೇಕು. ಅದಕ್ಕೂ ಮೊದಲಿನ ಹಂತದಲ್ಲಿ, ಇಲ್ಲವೇ ಗಡ್ಡೆ ಚಿಕ್ಕದಿದ್ದರೆ, ಆಂಟಿಬಯೋಟಿಕ್‌ನಲ್ಲೇ ಗುಣವಾಗಬಹುದು. ಸಾಮಾನ್ಯವಾಗಿ 2.5 ಸೆಂ.ಮೀ.ಗಿಂತ ದೊಡ್ಡದಾದರೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಹೆಚ್ಚಾಗಿ ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು ಸೂಜಿಯಿಂದ ಕೀವು ಹೀರುತ್ತಾರೆ. ಮಿದುಳಿನ ಒತ್ತಡ ಕೂಡಲೇ ಇಳಿಯುತ್ತದೆ. ಕೀವಿನ ಪರೀಕ್ಷೆಯಿಂದ ಯಾವ ಔಷಧಿ ನಾಟುತ್ತದೆಂದು ತಿಳಿಯುತ್ತದೆ. ಕೀವು ಮತ್ತೆ ತುಂಬಿದರೆ ಮತ್ತೆ ಹೀರಬೇಕು. ಹೃದಯದೋಷವಿರುವ ಮಕ್ಕಳಿಗೆ ಅರಿವಳಿಕೆಯ ಅಪಾಯ ಹೆಚ್ಚಾದ್ದರಿಂದ ಈ ಕಿರು ವಿಧಾನವೇ ಮೇಲು. ಹಲವು ಕೋಣೆಗಳ, ಪದೇಪದೇ ಮರುಕಳಿಸುವ ಗಡ್ಡೆಗಳನ್ನು ತಲೆಬುರುಡೆ ತೆರೆದು ಪೊರೆಸಮೇತ ತೆಗೆಯುವುದುಂಟು.

ಬಳಿಕ ಸಾಮಾನ್ಯವಾಗಿ 6ರಿಂದ 8 ವಾರ ಆಂಟಿಬಯೋಟಿಕ್, ನಡುನಡುವೆ ಸ್ಕ್ಯಾನ್. ಮೂಲ ಕಾಯಿಲೆಗೂ, ಅಂದರೆ ಕಿವಿಗೆ ಇಲ್ಲವೇ ಹೃದಯಕ್ಕೆ, ಚಿಕಿತ್ಸೆ ಆಗದಿದ್ದರೆ ಗಡ್ಡೆ ಮರಳಬಹುದು.

ಬೆಳೆದುಬಂದ ಬಗೆ

ಗ್ಲಾಸ್ಗೋದ ವಿಲಿಯಂ ಮೆಕ್‌ಇವನ್ 1893ರಲ್ಲೇ ಮಿದುಳಿನ ಕೀವುಗಡ್ಡೆಯ ಶಸ್ತ್ರಚಿಕಿತ್ಸೆಯ ಬಗ್ಗೆ ಗ್ರಂಥ ಬರೆದಿದ್ದರು. 1970ರ ದಶಕದಲ್ಲಿ ಸಿ.ಟಿ. ಬಂದ ಮೇಲೆ ಗಡ್ಡೆಯ ಜಾಗ ಖಚಿತವಾಗಿ, ಸಾವುಗಳು ಬಹಳ ಇಳಿದವು.

ಬೆಳಗಾವಿ ಜಿಲ್ಲೆಯ ನಿಡಸೋಸಿ ಸುತ್ತಿನವರಿಗೆ

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕಿನವರಿಗೆ ನರಶಸ್ತ್ರಚಿಕಿತ್ಸೆಯಿರುವ ದೊಡ್ಡ ಆಸ್ಪತ್ರೆ ಬೆಳಗಾವಿಯ ಕೆ.ಎಲ್.ಇ. ಪ್ರಭಾಕರ ಕೋರೆ ಆಸ್ಪತ್ರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಕಿವಿ ಮತ್ತು ಹೃದಯದ ದೋಷಗಳನ್ನೂ ತಪಾಸಣೆ ಮಾಡುತ್ತವೆ. ಸೋರುವ ಕಿವಿಗೆ ಎಣ್ಣೆ ಬಿಡಬೇಡಿ. ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಅಂಥ ಮಗುವಿಗೆ ತಲೆನೋವು, ವಾಂತಿ ಶುರುವಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.