ಯಂತ್ರಗಳಿಗೂ ಬೇಕು ಒಂದೇ ತಾಳ

ಭಜನೆಗೆ ಇಪ್ಪತ್ತು ಜನ ಕುಳಿತರೂ ಲಯವನ್ನು ಹಿಡಿದು ನಡೆಸುವವರು ಒಬ್ಬರೇ. ಮಿಕ್ಕವರ ಕಿವಿ ಅವರ ಕಡೆಗೆ. ಇಬ್ಬರು ತಮಗೆ ತೋಚಿದ ಲಯದಲ್ಲಿ ತಾಳ ಹಾಕಿದರೆ ಏನಾಗುತ್ತದೆಂದು ನಾವೆಲ್ಲ ಬಲ್ಲೆವು. ನಮ್ಮ ಮಕ್ಕಳು ವೇದಿಕೆಯ ಮೇಲೆ ಕೀಬೋರ್ಡು, ರಿದಂ ಯಂತ್ರ, ಕಂಪ್ಯೂಟರುಗಳನ್ನು ಜೋಡಿಸಿ ಹಾಡುವಾಗ ಅವೆಲ್ಲ ಕೂಡಿ ನಡೆಯುವುದು ಹೇಗೆ? ಈ ಪ್ರಶ್ನೆಯ ಹಿಂದೆ ಸ್ವಾರಸ್ಯವಾದ ಚರಿತ್ರೆಯಿದೆ.

1980ರ ಸುಮಾರಿಗೆ ಒಂದೊಂದು ಕಂಪನಿಗೂ ಒಂದೊಂದು ತಾಳವಿತ್ತು. ಜಪಾನಿನ ರೋಲ್ಯಾಂಡ್ ಯಂತ್ರಗಳು ಒಂದು ಬೀಟಿಗೆ 24 ಮಿಡಿತಗಳನ್ನು ತಂತಿಯಲ್ಲಿ ಕಳಿಸುತ್ತಿದ್ದವು. ಕೊರ್ಗ್‌ನವರದು 48, ಅಮೆರಿಕದ ಓಬರ್‌ಹೈಮ್‌ನವರದು 96. ಕೊರ್ಗ್ ಕಳಿಸಿದ ಮಿಡಿತವನ್ನು ರೋಲ್ಯಾಂಡ್ ಯಂತ್ರಕ್ಕೆ ನೇರವಾಗಿ ಕೊಟ್ಟರೆ ಅದು ಎರಡರಷ್ಟು ವೇಗದಲ್ಲಿ ಓಡುತ್ತಿತ್ತು.

ಈ ಗೊಂದಲ ತೀರಿಸಲು ರೋಲ್ಯಾಂಡಿನ ಸ್ಥಾಪಕ ಇಕುತಾರೊ ಕಾಕೆಹಾಶಿ ಪ್ರತಿಸ್ಪರ್ಧಿಗಳೊಡನೆ ಮಾತುಕತೆಗೆ ಮುಂದಾದರು. ಕ್ಯಾಲಿಫೋರ್ನಿಯಾದ ಡೇವ್ ಸ್ಮಿತ್ ಮತ್ತು ಚೆಟ್ ವುಡ್ 1981ರಲ್ಲಿ ಎಲ್ಲರಿಗೂ ಸಲ್ಲುವ ಒಂದು ಪದ್ಧತಿಯ ಪ್ರಸ್ತಾವವನ್ನು ಮಂಡಿಸಿದರು. ಯಮಾಹಾ, ಕೊರ್ಗ್, ಕವಾಯ್ ಕಂಪನಿಗಳೂ ಕೈಜೋಡಿಸಿದವು. 1983ರ ಜನವರಿಯಲ್ಲಿ ಆನಹೈಮ್ ನಗರದ ವಾದ್ಯ ಪ್ರದರ್ಶನದಲ್ಲಿ ಸ್ಮಿತ್ ಅವರ ಪ್ರಾಫೆಟ್-600, ರೋಲ್ಯಾಂಡಿನ ಜುಪಿಟರ್-6 ಒಂದೇ ತಂತಿಯಿಂದ ಬೆಸೆದುಕೊಂಡವು. ಇದೇ 'ಮಿಡಿ'. ಇದನ್ನು ಬಳಸಲು ಯಾರೂ ಪರವಾನಗಿ ಶುಲ್ಕ ಕೊಡಬೇಕಾಗಿರಲಿಲ್ಲ.

ಮಿಡಿಯ ತಾಳ ಬಹು ಸರಳ. ಯಜಮಾನ ಯಂತ್ರ ಬೀಟಿಗೆ 24 ಸಲ ಒಂದು ಪುಟ್ಟ ಸಂಕೇತ ಕಳಿಸುತ್ತದೆ. ನಿಮಿಷಕ್ಕೆ 120 ಬೀಟಿನ ಹಾಡಾದರೆ ಸೆಕೆಂಡಿಗೆ 48 ಸಂಕೇತಗಳು. ವೇಗ ಎಷ್ಟೆಂದು ಸಂಕೇತ ಹೇಳುವುದಿಲ್ಲ; ಎರಡು ಸಂಕೇತಗಳ ನಡುವಿನ ಅಂತರದಿಂದ ಕೇಳುವ ಯಂತ್ರವೇ ತಿಳಿದುಕೊಳ್ಳಬೇಕು. ಆರಂಭಿಸು, ನಿಲ್ಲಿಸು, ನಿಂತಲ್ಲಿಂದ ಮುಂದುವರಿಸು ಎಂಬ ಮೂರು ಆಜ್ಞೆಗಳೂ ಉಂಟು. ತಾಳ ತಪ್ಪಬಾರದೆಂದು ಈ ಸಂಕೇತಗಳಿಗೆ ಒಂದು ವಿಶೇಷ ಹಕ್ಕಿದೆ: ಬೇರೊಂದು ಸಂದೇಶ ಅರ್ಧದಲ್ಲಿದ್ದರೂ ಅದರ ನಡುವೆ ನುಸುಳಿ ಮುಂದೆ ಹೋಗಬಹುದು.

ಜೋಡಿಸುವಾಗ ಒಂದು ಯಂತ್ರವನ್ನು ಮಾತ್ರ ಸ್ವಂತ ಗಡಿಯಾರದ ಮೇಲೆ ಬಿಟ್ಟು, ಉಳಿದವನ್ನು 'ಎಕ್ಸ್‌ಟರ್ನಲ್' ಗಡಿಯಾರಕ್ಕೆ ತಿರುಗಿಸಬೇಕು. ಎರಡೂ ತಮ್ಮ ಗಡಿಯಾರವನ್ನೇ ನಂಬಿಕೊಂಡರೆ, ಒಂದೇ ವೇಗಕ್ಕೆ ಇಟ್ಟಿದ್ದರೂ ಕ್ರಮೇಣ ಬೇರೆಯಾಗುತ್ತವೆ.

ಕಾಕೆಹಾಶಿ, ಸ್ಮಿತ್ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು. ಕಾಕೆಹಾಶಿ 2017ರಲ್ಲಿ, ಸ್ಮಿತ್ 2022ರಲ್ಲಿ ತೀರಿಕೊಂಡರು. 2020ರಲ್ಲಿ ಮಿಡಿ 2.0 ಬಂದರೂ ಹಳೆಯ 24ರ ಲೆಕ್ಕ ಇನ್ನೂ ಬಳಕೆಯಲ್ಲಿದೆ. ನಾಲ್ಕು ದಶಕದ ಹಿಂದಿನ ರಿದಂ ಯಂತ್ರ ಇಂದಿನ ಕಂಪ್ಯೂಟರಿನ ತಾಳಕ್ಕೆ ಹೆಜ್ಜೆ ಹಾಕಬಲ್ಲದು.

ಆ ತಂತಿಯ ತಾಳ ಯಾವ ವಾದ್ಯಕ್ಕೂ ಏನು ನುಡಿಸಬೇಕೆಂದು ಹೇಳುವುದಿಲ್ಲ, ಯಾವಾಗ ಎಂದಷ್ಟೇ ಹೇಳುತ್ತದೆ. ಸ್ವರ ಅವರವರದು, ಲಯ ಎಲ್ಲರದು. ಊರು ಬಿಟ್ಟು ಬಂದು ಸಂಘ ಕಟ್ಟಿಕೊಂಡ ನಮಗೂ ಈ ಮಾತು ಹೊಸದಲ್ಲ.