ಹಲಸಂಗಿ ಸೀಮೆಯ ದನಿ ದಾಖಲಾದ ಬಗೆ

1931ರಲ್ಲಿ ಹೆಣ್ಣುಮಕ್ಕಳ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ಅಚ್ಚಾಗಿ ಬಂದಾಗ ಹಲಸಂಗಿ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯ ಇಂಡಿ ತಾಲ್ಲೂಕಿಗೆ ಸೇರಿದ್ದ ಗಡಿಭಾಗದ ಹಳ್ಳಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿ ಹಾಡು ಸಂಗ್ರಹಿಸಿ ಆ ಹಳ್ಳಿಯ ಹೆಸರನ್ನು ಕನ್ನಡ ನಾಡಿಗೆಲ್ಲ ಮುಟ್ಟಿಸಿದರು. 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಹೊರಬಂದವು. ಅವರ ಕೈಯಲ್ಲಿದ್ದ ಸಾಧನ ಕಾಗದ ಮತ್ತು ಲೇಖನಿ, ಅಷ್ಟೇ. ಇಂದು ಅದೇ ಸೀಮೆಯಲ್ಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಲ್ಲಿ, ಹೊಲಕ್ಕೆ ಹೋಗುವವರ ಕಿಸೆಯಲ್ಲೂ ದನಿ ಹಿಡಿಯುವ, ಚಿತ್ರ ತೆಗೆಯುವ, ಕನ್ನಡದ ಮಾತನ್ನು ಕೇಳಿ ಕನ್ನಡ ಅಕ್ಷರದಲ್ಲೇ ಬರೆದುಕೊಡುವ ಯಂತ್ರವಿದೆ. ಈ ಯಂತ್ರದಿಂದ ಇನ್ನೂ ಹೆಚ್ಚಿನ ಕೆಲಸ ತೆಗೆಯುವುದು ಹೇಗೆ ಎಂದು ಕೇಳುವವರಿಗೆ ಹಲಸಂಗಿಯ ಚರಿತ್ರೆಗಿಂತ ಒಳ್ಳೆಯ ಕೈಪಿಡಿ ಇಲ್ಲ ಎಂಬುದು ನನ್ನ ವಾದ. ನೂರು ವರ್ಷಗಳಲ್ಲಿ ದನಿ ಹಿಡಿಯುವ ಸಾಧನಗಳು ಈ ಸೀಮೆಗೆ ಒಂದರ ಹಿಂದೊಂದು ಬಂದವು. ಯಾರ ದನಿ ಉಳಿಯಿತು, ಯಾರದು ಗಾಳಿಗೆ ಹೋಯಿತು ಎಂಬುದು ಪ್ರತಿ ಸಲವೂ ಒಂದೇ ಸಂಗತಿಯಿಂದ ತೀರ್ಮಾನವಾಯಿತು: ಆ ಸಾಧನ ಹಿಡಿದವರು ಯಾರ ಮುಂದೆ ಹೋಗಿ ಕುಳಿತರು, ಏನು ಕೇಳಿದರು.

ಹಲಸಂಗಿ ಗೆಳೆಯರಿಗಿಂತ ಮೊದಲೂ ಈ ಭಾಗದ ಹಾಡುಗಳು ಕಾಗದಕ್ಕೆ ಇಳಿದಿದ್ದವು. ಮುಂಬಯಿ ಸರಕಾರದ ಅಧಿಕಾರಿಯೂ ಶಾಸನತಜ್ಞರೂ ಆಗಿದ್ದ ಜಾನ್ ಫೇತ್‌ಫುಲ್ ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣ, ಹಲಗಲಿಯ ಬೇಡರು ಅವುಗಳ ಮೂಲಕ ವಿದ್ವಾಂಸರ ಕಣ್ಣಿಗೆ ಬಿದ್ದರು. ಅದು ದೊಡ್ಡ ಉಪಕಾರವೇ. ಆದರೆ ಲಾವಣಿ ಬಯಲಿನ ಹಾಡು. ಕಟ್ಟೆಯ ಮೇಲೆ, ಜಾತ್ರೆಯಲ್ಲಿ, ದಪ್ಪು ಬಡಿದು ಊರಿಗೆಲ್ಲ ಕೇಳುವಂತೆ ಗಂಡಸರು ಹಾಡುವಂಥದ್ದು. ಸರಕಾರಿ ಅಧಿಕಾರಿಗೂ ಅದು ಕಿವಿಗೆ ಬೀಳುತ್ತದೆ. ಬೀಸುವ ಪದ ಹಾಗಲ್ಲ. ನಸುಕಿನಲ್ಲಿ, ಮನೆಯ ಒಳಗೆ, ಜೋಳದ ಹಿಟ್ಟು ಉದುರುತ್ತಿರುವಾಗ, ತವರಿನ ನೆನಪನ್ನೋ ಅತ್ತೆಮನೆಯ ನೋವನ್ನೋ ಬೀಸುಕಲ್ಲಿನ ಮುಂದೆ ಮಾತ್ರ ಹೇಳಿಕೊಳ್ಳುವ ಹಾಡು ಅದು. ಪರಸ್ಥಳದವನಿಗೆ ಆ ಒಳಮನೆಗೆ ದಾರಿ ಇರಲಿಲ್ಲ. ಅಲ್ಲೇ ಹುಟ್ಟಿ ಬೆಳೆದ, ಆ ಹೆಣ್ಣುಮಕ್ಕಳನ್ನು ಅವ್ವ, ಅಕ್ಕ, ಕಾಕು ಎಂದು ಕರೆಯುವವರಿಗೆ ಮಾತ್ರ ಆ ಹಾಡು ದಕ್ಕುವಂತಿತ್ತು. ಬೇರೆ ಕಡೆಯ ವಿದ್ವಾಂಸರ ಕೈಯಲ್ಲಿ ಇನ್ನೂ ದೊಡ್ಡ ಗ್ರಂಥಾಲಯವಿತ್ತು, ಹಣವಿತ್ತು. ಹಲಸಂಗಿಯವರ ಕೈಯಲ್ಲಿ ಸಲುಗೆ ಇತ್ತು. ‘ಗರತಿಯ ಹಾಡು’ ಹುಟ್ಟಿದ್ದು ಆ ಸಲುಗೆಯಿಂದ.

ಕಾಗದ ಹಿಡಿಯದೆ ಬಿಟ್ಟದ್ದೂ ಬಹಳ. ಬೀಸುವ ಪದ ಬಹುಪಾಲು ತ್ರಿಪದಿ. ಪುಸ್ತಕದಲ್ಲಿ ಅದು ಮೂರು ಸಾಲು. ಹಾಡುವವರ ಬಾಯಲ್ಲಿ ನಾಲ್ಕು. ಎರಡನೆಯ ಸಾಲಿನ ಒಂದು ಭಾಗವನ್ನು ಮರಳಿ ಎತ್ತಿಕೊಂಡು, ಅದರ ಮೇಲೆ ಒಂದು ಸುತ್ತು ನಿಂತು, ಆಮೇಲೆ ಮೂರನೆಯದಕ್ಕೆ ಇಳಿಯುವುದು ಅದರ ನಡೆ. ಕಲ್ಲಿನ ತಿರುವಿಗೆ ಸರಿಯಾಗಿ ಉಸಿರು ಎಳೆಯುವ ಜಾಗ, ಒಬ್ಬಾಕೆ ಎತ್ತಿಕೊಟ್ಟಾಗ ಇನ್ನೊಬ್ಬಾಕೆ ಸೇರುವ ಜಾಗ, ಹಾಡು ನಿಲ್ಲಿಸಿ ಮೂಗು ಒರೆಸಿಕೊಳ್ಳುವ ಜಾಗ, ಇವು ಯಾವುವೂ ಅಕ್ಷರಕ್ಕೆ ಬರುವುದಿಲ್ಲ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಆ ನುಡಿಗಳೆಲ್ಲ ‘ಗರತಿ’ ಎಂಬ ಒಂದೇ ಹೆಸರಿನ ಕೆಳಗೆ ನಿಂತವು. ಜನಪದ ಹಾಡಿಗೆ ಕರ್ತೃ ಇಲ್ಲ, ಅದು ಸಮೂಹದ ಸೊತ್ತು ಎಂಬ ನಂಬಿಕೆ ಆ ಕಾಲದ ವಿದ್ವತ್ತಿನಲ್ಲಿ ಗಟ್ಟಿಯಾಗಿತ್ತು. ಗೆಳೆಯರನ್ನು ಅದಕ್ಕಾಗಿ ದೂರುವುದು ಅನ್ಯಾಯ. ಆದರೂ ಇಂದು ಕುಳಿತು ನೋಡಿದರೆ, ಸಂಗ್ರಹಿಸಿದ ಗಂಡಸರ ಹೆಸರು ನಾಡಿಗೆ ಗೊತ್ತು, ಹಾಡಿಕೊಟ್ಟ ಹೆಂಗಸರ ಹೆಸರು ಗೊತ್ತಿಲ್ಲ. ಲಾವಣಿಯ ಲೋಕದಲ್ಲಿ ಹೀಗಾಗಲಿಲ್ಲ. ಹಲಸಂಗಿಯ ಲಾವಣಿಕಾರ ಖಾಜಾಭಾಯಿಯ ಹೆಸರು ಅವನ ಪದಗಳ ಜೊತೆಗೇ ಉಳಿದಿದೆ.

ದನಿಯನ್ನೇ ಹಿಡಿಯುವ ಯಂತ್ರ ಅಷ್ಟರಲ್ಲಿ ಭಾರತಕ್ಕೆ ಬಂದು ಮೂವತ್ತು ವರ್ಷವಾಗಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗಾಗಿ ಹಾಡಿದ್ದರು. ವಿಜಾಪುರ ಜಿಲ್ಲೆಯ ದನಿಯೂ ತಟ್ಟೆಗೆ ಏರಿತು: ಆಗ ಈ ಜಿಲ್ಲೆಗೇ ಸೇರಿದ್ದ ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದ ಮನೆಮನೆಗೂ ತಲುಪಿದರು. ಆದರೆ ಆ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಹಾಡಿನಲ್ಲಿ ನಡೆಯುವ ಹರದೇಶಿ–ನಾಗೇಶಿ ವಾದಕ್ಕೆ ಅಲ್ಲಿ ಜಾಗವೆಲ್ಲಿ? ಸರಕಾರದ ಕಡೆಯಿಂದ ನಡೆದ ಕೆಲಸದ ಕಥೆ ಇನ್ನೂ ಪಾಠ ಹೇಳುವಂಥದ್ದು. ಜಾರ್ಜ್ ಗ್ರಿಯರ್ಸನ್ನರ ಭಾರತೀಯ ಭಾಷಾ ಸರ್ವೇಕ್ಷಣೆಯ ಜೊತೆಗೆ ದೇಶದ ಅನೇಕ ಭಾಷೆಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದರು. ಭಾಷೆ ಭಾಷೆಗೆ ಹೋಲಿಸಿ ನೋಡಲು ಅನುಕೂಲವೆಂದು ಅವರು ಮತ್ತೆ ಮತ್ತೆ ಹೇಳಿಸಿದ್ದು ಬೈಬಲ್ಲಿನ ದಾರಿತಪ್ಪಿದ ಮಗನ ಕಥೆಯನ್ನು. ಯಂತ್ರ ಒಳ್ಳೆಯದೇ ಇತ್ತು, ದನಿಯೂ ಸಿಕ್ಕಿತು. ಕೇಳಿದ ಪ್ರಶ್ನೆ ಹೊರಗಿನದಾದ್ದರಿಂದ ಬಂದ ಉತ್ತರದಲ್ಲಿ ಹೇಳುವವನ ಬದುಕು ಇರಲಿಲ್ಲ. ಆಮೇಲೆ 1950ರ ಜನವರಿ 8ರಂದು ಧಾರವಾಡದ ಆಕಾಶವಾಣಿ ಶುರುವಾಯಿತು, ನಿಲಯಕ್ಕೆ ಕರೆಸಿಕೊಂಡವರ ದನಿ ಹಳ್ಳಿಗೆ ಮರಳಿ ಕೇಳಿಸಿತು. ಕ್ಯಾಸೆಟ್ ಬಂದ ಮೇಲೆ ಮಾರಾಟವಾಗುವ ಹಾಡು ಉಳಿಯಿತು. ಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳಿಗೆ ಈ ಯಾವ ಸಾಧನದಲ್ಲೂ ಸರದಿ ಬರಲಿಲ್ಲವೆಂದೇ ಹೇಳಬೇಕು.

ಆ ಸರದಿ ಈಗ ಬಂದಿದೆ, ಅದೂ ಅವಳ ಮೊಮ್ಮಗಳ ಅಂಗೈಯಲ್ಲಿ. 2017ರ ಆಗಸ್ಟಿನಲ್ಲಿ ಗೂಗಲ್ ತನ್ನ ಮಾತು-ಬರಹದ ಸೌಲಭ್ಯಕ್ಕೆ ಕನ್ನಡವನ್ನು ಸೇರಿಸಿತು. ಕೀಲಿಮಣೆಯ ಮೇಲಿನ ಮೈಕಿನ ಗುರುತು ಒತ್ತಿ ಮಾತಾಡಿದರೆ ಅಕ್ಷರ ಮೂಡುತ್ತದೆ. 2024ರ ಅಕ್ಟೋಬರಿನಲ್ಲಿ ಗೂಗಲ್ಲಿನದೇ ಮಾತಿನ ಸಹಾಯಕ ಜೆಮಿನಿ ಲೈವ್ ಕನ್ನಡದಲ್ಲೂ ಮಾತುಕತೆ ನಡೆಸುತ್ತದೆಂಬ ಪ್ರಕಟಣೆ ಬಂತು. ಮನೆಯ ಮೂಲೆಯಲ್ಲಿ ಕೂರುವ ಸ್ಮಾರ್ಟ್ ಸ್ಪೀಕರ್ ಮಾತ್ರ ನಮ್ಮ ಮಟ್ಟಿಗೆ ಹಿಂದೆ ಉಳಿದಿದೆ. ಅಮೆಜಾನಿನ ಎಕೋ 2017ರಲ್ಲಿ ಭಾರತಕ್ಕೆ ಬಂತು, 2019ರಲ್ಲಿ ಹಿಂದಿ ಕಲಿಯಿತು. ಕನ್ನಡ ಆ ಸರದಿಯಲ್ಲಿ ಇರಲಿಲ್ಲ. ಹಾಗಾಗಿ ಇಂಡಿಯ ಮನೆಯಲ್ಲಿ ಅದನ್ನು ಆಳಾಗಿ ಕರೆಯುವುದಕ್ಕಿಂತ ಫೋನಿಗೆ ಜೋಡಿಸಿ ಒಳ್ಳೆಯ ಧ್ವನಿವರ್ಧಕವಾಗಿ ಬಳಸುವುದೇ ಲಾಭ: ಹಿಡಿದ ಹಾಡನ್ನು ಹಾಡಿದವರಿಗೇ ಕೇಳಿಸಿದರೆ, ಮರೆತ ನುಡಿಗಳು ಅವರ ನಾಲಗೆಗೆ ಮರಳಬಹುದು.

ಹಲಸಂಗಿಯ ಕ್ರಮವನ್ನು ಫೋನಿಗೆ ಒಗ್ಗಿಸಿದರೆ ಕೆಲಸ ಹೀಗೆ ಸಾಗಬೇಕು. ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಬೇಕು, ಹಾಡಿನ ನಡುವೆ ಕರೆ ಬಂದು ಎಲ್ಲ ಕೆಡುವುದು ತಪ್ಪುತ್ತದೆ. ಮಡಿಚಿದ ಬಟ್ಟೆಯ ಮೇಲೆ, ಹಾಡುವವರಿಂದ ಒಂದು ಮೊಳ ದೂರದಲ್ಲಿ ಇಟ್ಟು, ಫ್ಯಾನು ನಿಲ್ಲಿಸಿ, ದನಿಮುದ್ರಣದ ಆ್ಯಪ್ ತೆರೆದು, ಮೊದಲ ಮಾತಾಗಿ ಹಾಡುವವರ ಹೆಸರು, ಊರು, ತವರೂರು, ತಾರೀಖು ಹೇಳಿಸಬೇಕು. ತವರೂರು ಯಾಕೆಂದರೆ ಹೆಣ್ಣುಮಕ್ಕಳ ಹಾಡು ಮದುವೆಯಾಗಿ ಊರಿಂದೂರಿಗೆ ನಡೆಯುತ್ತದೆ. ಮುದ್ದೇಬಿಹಾಳದ ಹಾಡು ಸಿಂದಗಿಯಲ್ಲಿ ಸಿಗುವುದು ಆ ದಾರಿಯಿಂದ. ಗದ್ದಲ ತಗ್ಗಿಸುವ ಸೌಲಭ್ಯವಿದ್ದರೆ ಅದನ್ನು ನಿಲ್ಲಿಸಬೇಕು. ಫೋನು ಒಬ್ಬರ ಮಾತಿಗೆ ಹದಗೊಂಡ ಯಂತ್ರ. ಲಾವಣಿ ಹಾಡುವ ಗೀಗೀ ಮೇಳದ ತುಂತುಣಿಯನ್ನೂ ಸೂರು ಹಿಡಿಯುವವರ ದನಿಯನ್ನೂ ಅದು ಗದ್ದಲವೆಂದು ತಿಳಿದು ಅಳಿಸಿಬಿಡಬಹುದು. ಮುಗಿದ ಮೇಲೆ ವಾಟ್ಸ್ಆ್ಯಪಿನಲ್ಲಿ ದನಿಸಂದೇಶವಾಗಿ ಕಳಿಸಿದರೆ ದನಿ ಸಣಕಲಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲದಂತೆಯೇ ಉಳಿಯುತ್ತದೆ. ಫೋನು ಕಳೆಯುತ್ತದೆ, ಒಡೆಯುತ್ತದೆ. ಎರಡು ಬೇರೆ ಕಡೆ ಪ್ರತಿ ಇಡದ ಹಾಡನ್ನು ಉಳಿಸಿದ ಹಾಡು ಎನ್ನಲಾಗದು. ಹಾಡನ್ನು ನೇರವಾಗಿ ಬರಹಕ್ಕೆ ಇಳಿಸು ಎಂದರೆ ಯಂತ್ರ ತಡವರಿಸುತ್ತದೆ. ಅದಕ್ಕೊಂದು ಉಪಾಯವಿದೆ: ಮನೆಯ ಹುಡುಗಿಯೊಬ್ಬಳು ಹಾಡನ್ನು ಕೇಳುತ್ತ ಒಂದೊಂದೇ ನುಡಿಯನ್ನು ನಿಧಾನವಾಗಿ ಬಿಡಿಸಿ ಹೇಳಲಿ, ಅವಳ ಮಾತನ್ನು ಫೋನು ಬರೆದುಕೊಳ್ಳಲಿ, ಆಮೇಲೆ ಅಜ್ಜಿಯ ಮುಂದೆ ಕುಳಿತು ಇಬ್ಬರೂ ತಿದ್ದಲಿ. ಈ ಕಡೆಯ ಹಂತದಲ್ಲಿ ಯಂತ್ರದ ಪಾಲು ಕಡಿಮೆ, ಸಲುಗೆಯ ಪಾಲು ಹೆಚ್ಚು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಸರಿಯಾದದ್ದೇ. ಈ ಯಂತ್ರ ಕಲಿತಿರುವುದು ಪುಸ್ತಕದ ಕನ್ನಡ. ‘ಏನ್ ಮಾಡಾಕತ್ತೀರಿ’, ‘ಹೋಗ್ಯಾನ’, ‘ಬಂದಾಳ’ ಎನ್ನುವ ಸೀಮೆಯ ಮಾತು ಬಂದಾಗ ಅದು ಎಡವುತ್ತದೆ, ಕೆಲವೊಮ್ಮೆ ತನಗೆ ಗೊತ್ತಿರುವ ರೂಪಕ್ಕೆ ತಿದ್ದಿಯೂ ಬಿಡುತ್ತದೆ. ಹಾಗಾದರೆ ಅದು ಗರತಿಯ ಮಾತನ್ನು ಉಳಿಸುವ ಬದಲು ಅಳಿಸುವ ಯಂತ್ರವಾಗಲಿಲ್ಲವೇ? ದನಿಮುದ್ರಣ ಮೊದಲು, ಬರಹ ಆಮೇಲೆ ಎಂಬ ಕ್ರಮ ಬಿಡದಿದ್ದರೆ ಈ ಅಪಾಯ ಬಹುಮಟ್ಟಿಗೆ ಕಳೆಯುತ್ತದೆ. ಬರಹ ತಪ್ಪಿದರೂ ದನಿ ಸಾಕ್ಷಿಯಾಗಿ ನಿಲ್ಲುತ್ತದೆ. ಹಲಸಂಗಿಯವರಿಗೆ ಆ ಸಾಕ್ಷಿ ಇರಲಿಲ್ಲ. ಇನ್ನೊಂದು ದಾರಿ ಯಂತ್ರಕ್ಕೇ ಈ ಸೀಮೆಯ ಮಾತು ಕಲಿಸುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ನಡೆಸುತ್ತಿರುವ ‘ವಾಣಿ’ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಸಂಗ್ರಹಿಸುತ್ತಿದೆ, ಅದರಲ್ಲಿ ವಿಜಾಪುರ (ಈಗ ವಿಜಯಪುರ) ಜಿಲ್ಲೆಯ ದನಿಗಳೂ ಇವೆ. ಜನರ ಮುಂದೆ ಒಂದು ಚಿತ್ರ ಇಟ್ಟು, ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿ ಎನ್ನುವುದು ಅದರ ರೀತಿ. ಒಬ್ಬರು ಹೇಳಿಕೊಟ್ಟ ಕಥೆಯನ್ನು ಎಲ್ಲರ ಬಾಯಿಂದ ಹೇಳಿಸಿದ ಗ್ರಿಯರ್ಸನ್ನರ ಕಾಲಕ್ಕಿಂತ ಇದು ಬಹಳ ಮುಂದೆ ಬಂದ ಹೆಜ್ಜೆ. ಕೇಂದ್ರ ಸರಕಾರದ ಭಾಷಾ ಯೋಜನೆ ‘ಭಾಷಿಣಿ’ 2022ರಿಂದ ನಾಗರಿಕರಿಂದಲೇ ಮಾತಿನ ದಾನ ಕೇಳುತ್ತಿದೆ. ಫೋನು ನಮ್ಮ ಮಾತು ತಿಳಿಯುವುದಿಲ್ಲ ಎಂದು ದೂರುವವರು ಅದಕ್ಕೆ ನಮ್ಮ ಮಾತನ್ನು ಕೊಟ್ಟಿದ್ದೇವೆಯೇ ಎಂದೂ ಕೇಳಿಕೊಳ್ಳಬೇಕು.

ಹಾಡನ್ನು ಕೊಂದದ್ದೇ ಈ ಫೋನು, ಅದರಿಂದಲೇ ಉಳಿಸುವ ಮಾತೇನು ಎನ್ನುವವರಿದ್ದಾರೆ. ಕಾಲಕ್ರಮ ಇದನ್ನು ಒಪ್ಪುವುದಿಲ್ಲ. ಬೀಸುವ ಪದ ನಿಂತದ್ದು ಹಿಟ್ಟಿನ ಗಿರಣಿ ಊರಿಗೆ ಬಂದಾಗ. ನಸುಕಿನಲ್ಲಿ ಎದ್ದು ಕಲ್ಲು ತಿರುವುವ ದುಡಿತ ತಪ್ಪಿದ್ದು ಹೆಣ್ಣುಮಕ್ಕಳಿಗೆ ಒಳ್ಳೆಯದೇ ಆಯಿತು. ಹಾಡು ಉಳಿಯಲೆಂದು ಆ ದುಡಿತ ಮರಳಲಿ ಎಂದು ಯಾರೂ ಬಯಸಬಾರದು. ಹಿಡಿದಿಟ್ಟ ಹಾಡು ಒಂದೇ ರೂಪದಲ್ಲಿ ಹೆಪ್ಪುಗಟ್ಟುತ್ತದೆ ಎಂಬ ಮಾತು ಅಚ್ಚಿನ ಪುಸ್ತಕಕ್ಕೆ ಹೆಚ್ಚು ಅನ್ವಯಿಸುತ್ತದೆ. ಒಂದೇ ನುಡಿಯನ್ನು ಹತ್ತು ಊರಿನ ಹತ್ತು ಜನ ಹತ್ತು ಬಗೆಯಾಗಿ ಹಾಡಿದ್ದನ್ನು ಅಕ್ಕಪಕ್ಕ ಇಡಲು ಪುಸ್ತಕದಲ್ಲಿ ಪುಟ ಸಾಲದು, ಫೋನಿನಲ್ಲಿ ಸಾಲುತ್ತದೆ.

ನನಗೆ ನಿಜವಾಗಿ ಭಾರವೆನಿಸುವ ಆಕ್ಷೇಪ ಒಪ್ಪಿಗೆಯದು. ಒಳಮನೆಯ ಹಾಡು ಬಯಲಿಗೆ ಬರುವಾಗ ಹಾಡಿದವರ ಮಾತು ಕೇಳಬೇಕಲ್ಲವೇ? ಕಾಗದದ ಕಾಲದಲ್ಲಿ ಪುಸ್ತಕ ಓದುಬಲ್ಲವರಿಗಷ್ಟೇ ತಲುಪುತ್ತಿತ್ತು. ಇಂದು ಗಂಡನನ್ನೋ ನಾದಿನಿಯನ್ನೋ ಕುರಿತು ಹಾಡಿದ ನುಡಿ ಸಂಜೆಯೊಳಗೆ ಅದೇ ಊರಿನ ಎಲ್ಲ ಫೋನುಗಳಲ್ಲಿ ಕೇಳಿಸಬಲ್ಲದು, ಕಂಪನಿಗಳ ಲಾಭಕ್ಕೂ ಒದಗಬಲ್ಲದು. ಇದಕ್ಕೆ ಪೂರ್ತಿ ಉತ್ತರ ಕೊಡುವ ಕಾನೂನಾಗಲಿ ಆ್ಯಪ್ ಆಗಲಿ ನನಗೆ ಕಾಣುವುದಿಲ್ಲ. ಮನೆಯಲ್ಲೇ ಇರಲಿ ಎಂದವರ ಹಾಡು ಮನೆಯಲ್ಲೇ ಇರಬೇಕು, ಊರಿಗೆ ಕೊಡಿ ಎಂದವರದು ಅವರ ಹೆಸರಿನೊಂದಿಗೇ ಹೋಗಬೇಕು. ಒಪ್ಪಿಗೆಯ ಮಾತನ್ನು ಹಾಡಿನ ಮುಂಚೆ ಅವರ ದನಿಯಲ್ಲೇ ಹಿಡಿದಿಟ್ಟರೆ ಮುಂದೆ ವಿವಾದಕ್ಕೆ ಎಡೆ ಕಡಿಮೆ.

ಕಲ್ಲಿನ ಮುಂದೆ ಕುಳಿತು ಹಾಡಿದ ತಲೆಮಾರಿನವರು ಈಗ ಅಜ್ಜಿಯರು. ಇಂಡಿಯಲ್ಲಿ, ಸಿಂದಗಿಯಲ್ಲಿ, ಮುದ್ದೇಬಿಹಾಳದಲ್ಲಿ, ಬಾಗೇವಾಡಿಯಲ್ಲಿ ಅಂಥವರ ಮನೆಯ ಮಕ್ಕಳೇ, ಈ ವಾರ ಒಂದು ಹೊತ್ತು ಫೋನು ಹಿಡಿದು ಅವರ ಹತ್ತಿರ ಕುಳಿತುಕೊಳ್ಳಿ. ಅವರ ಹೆಸರನ್ನು ಮೊದಲು ಕೇಳಿ, ಹಾಡನ್ನು ಆಮೇಲೆ.