ಮೊಟ್ಟೆಯ ದುಡ್ಡು: ನಾನು ಕಲಿಸದೆ ಬಿಟ್ಟ ಒಂದು ಪಾಠ



ಕಳೆದ ಭಾನುವಾರ ನನ್ನ ಮೊಮ್ಮಗಳು ನಮ್ಮ ಹಿತ್ತಲಿನ ಕೋಳಿಗಳು ಇಟ್ಟ ಆರು ಮೊಟ್ಟೆಗಳನ್ನು ಪಕ್ಕದ ಮನೆಗೆ ಕೊಟ್ಟು, ಅವರು ಕೊಟ್ಟ ಹಣವನ್ನು ನನ್ನ ಮುಂದೆ ಹಿಡಿದು, "ಅಜ್ಜಿ, ಈ ದುಡ್ಡು ಯಾರದು? ನಿನ್ನದಾ, ಅಪ್ಪನದಾ, ನನ್ನದಾ?" ಎಂದು ಕೇಳಿದಳು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ಪ್ರಶ್ನೆಗಳನ್ನು ಕೇಳುತ್ತಲೇ ಬಂದವಳಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯ ಹಿಂದೆ ನಮ್ಮೂರಿನ ಚರಿತ್ರೆಯೇ ಅಡಗಿದೆ ಎಂದು ಆಮೇಲೆ ಅನ್ನಿಸಿತು. ನಿಮಗೆಲ್ಲ ನಾನು ಕಲಿಸಿದ ಇತಿಹಾಸದಲ್ಲಿ ಈ ಅಧ್ಯಾಯವಿರಲಿಲ್ಲ. ಅದನ್ನು ಈಗಲಾದರೂ ಬರೆದಿಡುವುದು ನನ್ನ ಕರ್ತವ್ಯ.

ಮೊದಲು ಕೋಳಿಯ ಪೂರ್ವೇತಿಹಾಸವನ್ನು ನೋಡೋಣ. ನಮ್ಮ ಸಾಕುಕೋಳಿಯ ಮೂಲ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಥಾಯ್ಲೆಂಡಿನ ಬಾನ್ ನೋನ್ ವಾಟ್ ಎಂಬಲ್ಲಿ ದೊರೆತ ಮೂಳೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಕ್ರಿ.ಪೂ. 1650ರಿಂದ 1250ರ ನಡುವೆ ಅಲ್ಲಿ ಕೋಳಿ ಮನುಷ್ಯನ ಜೊತೆಗಿತ್ತೆಂದು ಹೇಳುತ್ತದೆ. ಭತ್ತ ಮತ್ತು ಕಿರುಧಾನ್ಯಗಳ ರಾಶಿಯೇ ಕಾಡುಹಕ್ಕಿಯನ್ನು ಊರಿನ ಬಳಿಗೆ ಸೆಳೆದಿರಬೇಕು ಎಂಬುದು ಆ ವಿದ್ವಾಂಸರ ಅಭಿಪ್ರಾಯ. ಹಾಗೆ ನೋಡಿದರೆ ಮನುಷ್ಯ ಕೋಳಿಯನ್ನು ಹಿಡಿದು ತಂದನೆನ್ನುವುದಕ್ಕಿಂತ, ಕಣದಲ್ಲಿ ಚೆಲ್ಲಿದ ಕಾಳನ್ನು ಹುಡುಕಿಕೊಂಡು ಕೋಳಿಯೇ ಬಂದಿತೆನ್ನುವುದು ಹೆಚ್ಚು ಸರಿ. ಈ ಕಥೆಯಲ್ಲಿ ನಮ್ಮ ನಾಡಿಗೂ ಒಂದು ಪಾಲಿದೆ. ಅನೇಕ ಸಾಕುಕೋಳಿಗಳ ಹಳದಿ ಚರ್ಮ ಮತ್ತು ಹಳದಿ ಕಾಲುಗಳಿಗೆ ಕಾರಣವಾದ ಗುಣಾಣು ಕೆಂಪು ಕಾಡುಕೋಳಿಯದಲ್ಲ, ದಕ್ಷಿಣ ಭಾರತದ ಕಾಡುಗಳಲ್ಲಿರುವ ಬೂದು ಕಾಡುಕೋಳಿಯಿಂದ ಬಂದದ್ದು ಎಂದು ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು.

ಇನ್ನು ನಮ್ಮ ಸಾಹಿತ್ಯ ಮತ್ತು ಶಾಸನಗಳಲ್ಲಿ ಕೋಳಿ ಹೇಗೆ ಕಾಣಿಸಿಕೊಂಡಿದೆ? ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಕೋಳಿಕಾಳಗಕ್ಕೂ ಸ್ಥಾನವಿದೆ. 1209ರಲ್ಲಿ ಜನ್ನ ಕವಿ ಬರೆದ 'ಯಶೋಧರ ಚರಿತೆ'ಯನ್ನು ನಿಮ್ಮಲ್ಲಿ ಕೆಲವರು ಕಾಲೇಜಿನಲ್ಲಿ ಓದಿರಬಹುದು. ಅಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿ. ಆ ಸಂಕಲ್ಪಹಿಂಸೆಯ ಫಲವಾಗಿ ಅರಸನೂ ಅವನ ತಾಯಿಯೂ ಜನ್ಮಜನ್ಮಾಂತರ ಅಲೆಯುತ್ತಾರೆ. ತಮಿಳುನಾಡಿನ ವಿಳುಪ್ಪುರಂ ಸೀಮೆಯ ಅರಸಲಾಪುರಂನಲ್ಲಿ ಕಾಳಗದ ಹುಂಜಕ್ಕೆ ನೆಟ್ಟ ಪುರಾತನ ವೀರಗಲ್ಲೊಂದಿದೆ. ನಮ್ಮ ಆತಕೂರಿನಲ್ಲಿ ಕಾಳಿಯೆಂಬ ನಾಯಿಗೆ 10ನೆಯ ಶತಮಾನದಲ್ಲಿ ನಿಲ್ಲಿಸಿದ ಕಲ್ಲಿನ ಹಾಗೆಯೇ ಅದು.

ಇವುಗಳಲ್ಲಿ ಒಂದು ಸಂಗತಿಯನ್ನು ಗಮನಿಸಿ. ಕಾದಾಡಿದ ಹುಂಜಕ್ಕೆ ಕಲ್ಲುಂಟು, ಗ್ರಂಥವುಂಟು. ಮೊಟ್ಟೆಯಿಟ್ಟು ಮನೆಯನ್ನು ಸಾಕಿದ ಹ್ಯಾಟೆಗೆ ಏನೂ ಇಲ್ಲ. ಚರಿತ್ರೆಯ ಈ ಅಭ್ಯಾಸ ಕೋಳಿಗಳಿಗೆ ಮಾತ್ರ ಸೀಮಿತವಾದುದಲ್ಲ.

ಈಗ ನಮ್ಮೂರಿಗೆ ಬರೋಣ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೇನೆ ಅಲ್ಲಿಯ ಜ್ವರಬಾಧೆಯಿಂದಾಗಿ ಬೆಂಗಳೂರಿಗೆ ಬಂದು, 1809ರಲ್ಲಿ ಹಲಸೂರಿನ ಸುತ್ತ ದಂಡು ನೆಲೆಯೂರಿದ್ದನ್ನು ನಾನು ಪ್ರತಿ ವರ್ಷವೂ ಪಾಠ ಮಾಡಿದ್ದೇನೆ. ಕವಾಯತು ಮೈದಾನ, ಇಗರ್ಜಿಗಳು, 1864ರ ರೈಲು, 1927ರಲ್ಲಿ ಕಟ್ಟಿ 1933ರಲ್ಲಿ ಉದ್ಘಾಟನೆಗೊಂಡ ಶಿವಾಜಿನಗರದ ರಸೆಲ್ ಮಾರುಕಟ್ಟೆ, 1947ರಲ್ಲಿ ದಂಡುಪ್ರದೇಶ ಮೈಸೂರು ಸಂಸ್ಥಾನಕ್ಕೆ ಮರಳಿದ್ದು, 1949ರಲ್ಲಿ ಪೇಟೆ ಮತ್ತು ದಂಡು ಎರಡೂ ಒಂದೇ ನಗರಸಭೆಯಾದದ್ದು, ಎಲ್ಲವನ್ನೂ ಹೇಳಿದ್ದೇನೆ. ಆದರೆ ಅಷ್ಟೊಂದು ಬಾಯಿಗಳಿಗೆ ಬೆಳಗಿನ ಮೊಟ್ಟೆ ಎಲ್ಲಿಂದ ಬರುತ್ತಿತ್ತು ಎಂದು ನಾನು ಕೇಳಲಿಲ್ಲ, ನೀವೂ ಕೇಳಲಿಲ್ಲ. ಬಂಗಲೆಯ ಅಡಿಗೆಯವನು ಕೊಂಡ ಮೊಟ್ಟೆ ಯಾವುದೋ ಹಳ್ಳಿಯ ಹೆಂಗಸಿನ ಹಿತ್ತಲಿನದಾಗಿರುತ್ತಿತ್ತು. ನಮ್ಮ ಬೈಯಪ್ಪನಹಳ್ಳಿಯೂ ಅಂಥ ಹಳ್ಳಿಗಳಲ್ಲೊಂದು.

ನಾನು ಬಾಲಕಿಯಾಗಿದ್ದಾಗ ನಮ್ಮ ಮನೆಯ ಹಿಂದೆ ಹುಣಿಸೆಮರವೂ ಅದರ ಕೆಳಗೆ ಒಂದು ತಿಪ್ಪೆಯೂ ಇದ್ದವು. ಅಮ್ಮ ಹತ್ತು ಹನ್ನೆರಡು ಕೋಳಿಗಳನ್ನು ಸಾಕುತ್ತಿದ್ದರು. ಸಂಜೆ ಅವುಗಳನ್ನು ಮಂಕರಿಯ ಕೆಳಗೆ ಮುಚ್ಚಿ ಮೇಲೊಂದು ಗುಂಡುಕಲ್ಲು ಹೇರುವುದು ನನ್ನ ಕೆಲಸ. ಮುಂಗುಸಿ ಮತ್ತು ಕಾಡುಬೆಕ್ಕಿನ ಭಯ. ಬೆಳಿಗ್ಗೆ ಬಿಟ್ಟೊಡನೆ ಒಂದು ಹಿಡಿ ನುಚ್ಚು, ಅಷ್ಟು ತೌಡು. ಮಿಕ್ಕದ್ದನ್ನು ಅವು ತಿಪ್ಪೆ ಕೆದಕಿ ತಾವೇ ಸಂಪಾದಿಸುತ್ತಿದ್ದವು. ಒಲೆಯ ಬೂದಿಯನ್ನು ಒಂದು ಗುಂಡಿಗೆ ಸುರಿದರೆ ಅದರಲ್ಲಿ ಹೊರಳಾಡಿ ಹೇನು ಕಳೆದುಕೊಳ್ಳುತ್ತಿದ್ದವು. ಹ್ಯಾಟೆ ಕಾವಿಗೆ ಬಂದಾಗ ಬುಟ್ಟಿಯಲ್ಲಿ ಮರಳು, ಅದರ ಮೇಲೆ ಒಣಹುಲ್ಲು ಹಾಸಿ ಒಂಬತ್ತೋ ಹನ್ನೊಂದೋ ಮೊಟ್ಟೆಗಳನ್ನಿಟ್ಟು ಕೂರಿಸುತ್ತಿದ್ದರು. ಇಪ್ಪತ್ತೊಂದು ದಿನ ಲೆಕ್ಕ ಹಾಕಲು ಗೋಡೆಯ ಮೇಲೆ ಇದ್ದಿಲಿನ ಗೀಟುಗಳು. ಶಾಲೆಯ ಮುಖ ಕಾಣದ ನನ್ನ ತಾಯಿಯ ಲೆಕ್ಕದ ಪುಸ್ತಕ ಅದೇ ಆಗಿತ್ತು.

ವಾರಕ್ಕೊಮ್ಮೆ ಬುಟ್ಟಿಯವನೊಬ್ಬ ಬಂದು ಮೊಟ್ಟೆಗಳನ್ನು ಹೊಟ್ಟಿನಲ್ಲಿ ಹುದುಗಿಸಿ ಹಲಸೂರು, ಶಿವಾಜಿನಗರಗಳ ಕಡೆಗೆ ಒಯ್ಯುತ್ತಿದ್ದ. ಬಂದ ಚಿಲ್ಲರೆ ಸಾಸಿವೆ ಡಬ್ಬಿಗೆ ಬೀಳುತ್ತಿತ್ತು. ಅಪ್ಪನ ಸಂಬಳ ಅಪ್ಪನದು, ಹೊಲದ ರಾಗಿಯ ದುಡ್ಡು ಅಜ್ಜನದು. ಯಾರ ಅನುಮತಿಯನ್ನೂ ಕೇಳದೆ ಅಮ್ಮ ಮುಟ್ಟಬಹುದಾಗಿದ್ದ ಹಣವೆಂದರೆ ಅದೊಂದೇ.

1975ರಲ್ಲಿ ನಾನು ಎಸ್.ಎಸ್.ಎಲ್.ಸಿ. ತರಗತಿಯಲ್ಲಿದ್ದೆ. ಓದಿದ್ದು ಸಾಕು, ಇನ್ನು ಮದುವೆಯ ಯೋಚನೆ ಮಾಡೋಣವೆಂದು ಅಪ್ಪ ಹೇಳಿದರು. ಅವರು ಕೆಟ್ಟವರಲ್ಲ, ಆ ಕಾಲದವರು. ಅಮ್ಮ ವಾದಿಸಲಿಲ್ಲ. ಪರೀಕ್ಷೆಯ ಶುಲ್ಕವನ್ನು ತಾವೇ ಕೂಡಿಡತೊಡಗಿದರು. ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಕೋಳಿಗಳು ತೂಕಡಿಸತೊಡಗಿದವು. ಬಾಯಿ ತೆರೆದು ಉಸಿರಾಟ, ಹಸಿರು ಭೇದಿ, ತಿರುಚಿಕೊಂಡ ಕತ್ತು. ಅಮ್ಮ ಬೆಳ್ಳುಳ್ಳಿ ಅರೆದು ಕುಡಿಸಿದರು, ಅರಿಸಿನ ಹಚ್ಚಿದರು. ಒಂದು ವಾರದಲ್ಲಿ ಒಂದೂ ಉಳಿಯಲಿಲ್ಲ. ಖಾಲಿ ಮಂಕರಿಯ ಪಕ್ಕದಲ್ಲಿ ಅವರು ಕುಳಿತಿದ್ದ ಭಂಗಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಡಬ್ಬಿಯಲ್ಲಿದ್ದ ಹಣ ಶುಲ್ಕದ ಅರ್ಧವೂ ಆಗಿರಲಿಲ್ಲ.

ಆ ರೋಗದ ಹೆಸರು ರಾಣಿಖೇತ್ ಎಂದು ಬಹುಕಾಲದ ನಂತರ ತಿಳಿಯಿತು. ಕುಮಾವೂ ಬೆಟ್ಟಗಳ ರಾಣಿಖೇತಿನಲ್ಲಿ 1920ರ ದಶಕದ ಕೊನೆಯಲ್ಲಿ ಅದನ್ನು ಗುರುತಿಸಿದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು. ಇಂಗ್ಲೆಂಡಿನಲ್ಲಿ ಅದೇ ರೋಗಕ್ಕೆ ನ್ಯೂಕ್ಯಾಸಲ್ ಎನ್ನುತ್ತಾರೆ. ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯವರು ಅದಕ್ಕೆ ಲಸಿಕೆ ಕಂಡುಹಿಡಿದು ಆಗಲೇ ದಶಕಗಳು ಕಳೆದಿದ್ದವು. ನಮ್ಮೂರಿಗೆ ಅಷ್ಟೇನೂ ದೂರವಲ್ಲದ ಹೆಬ್ಬಾಳದಲ್ಲಿ 1958ರಿಂದಲೇ ಪಶುವೈದ್ಯಕೀಯ ಕಾಲೇಜೂ ಇತ್ತು. ಇಷ್ಟಿದ್ದರೂ ಅಮ್ಮನ ಕೋಳಿಗಳಿಗೆ ಲಸಿಕೆ ಸಿಗಲಿಲ್ಲ. ಹಸುವಿಗೆ ಕಾಯಿಲೆಯಾದರೆ ಗಂಡಸರು ವೈದ್ಯರನ್ನು ಕರೆತರುತ್ತಿದ್ದರು. ಹೆಂಗಸರ ಹತ್ತು ಕೋಳಿಗಳಿಗಾಗಿ ವೈದ್ಯರನ್ನು ಕರೆಯಬಹುದೆಂಬುದು ಯಾರ ತಲೆಗೂ ಹೊಳೆಯಲಿಲ್ಲ. ಜ್ಞಾನ ಇರುವುದು ಬೇರೆ, ಅದು ಹಿತ್ತಲಿನವರೆಗೆ ನಡೆದುಬರುವುದು ಬೇರೆ.

ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಎರಡು ದಿನ ಮುಂಚೆ, ಹಿಂದಿನ ಬೀದಿಯ ಮುಸ್ಲಿಂ ತಾಯಿಯೊಬ್ಬರು ಸೆರಗಿನ ಗಂಟು ಬಿಚ್ಚುತ್ತಾ ನಮ್ಮ ಹಿತ್ತಲಿಗೆ ಬಂದರು. ಅವರೂ ಕೋಳಿ ಸಾಕುತ್ತಿದ್ದವರು. "ಅಕ್ಕಾ, ಹುಡುಗಿ ಪರೀಕ್ಷೆ ಕಟ್ಟಲಿ. ಕೋಳಿ ಮತ್ತೆ ಬರ್ತಾವೆ, ಪರೀಕ್ಷೆ ಬರಲ್ಲ" ಎಂದು ಹೇಳಿ ಅಮ್ಮನ ಕೈಯಲ್ಲಿ ಹಣವಿಟ್ಟರು. ಅದೂ ಮೊಟ್ಟೆಯ ದುಡ್ಡೇ. ಸಂಕ್ರಾಂತಿ ಕಳೆದ ಮೇಲೆ ಒಂದು ಹ್ಯಾಟೆಯನ್ನೂ ಪಾಲಿಗೆ ಕೊಟ್ಟರು. ಹುಟ್ಟಿದ ಮರಿಗಳಲ್ಲಿ ಅರ್ಧ ಸಾಕಿದವರಿಗೆ, ಅರ್ಧ ಕೊಟ್ಟವರಿಗೆ ಎಂಬುದು ನಮ್ಮ ಕಡೆಯ ಹೆಂಗಸರಲ್ಲಿ ಬಹುಕಾಲದಿಂದ ನಡೆದುಬಂದ ಒಪ್ಪಂದ. ಕಾಗದವಿಲ್ಲ, ಸಾಕ್ಷಿಯಿಲ್ಲ, ಬಡ್ಡಿಯೂ ಇಲ್ಲ. ನಾನು ಪರೀಕ್ಷೆ ಬರೆದೆ. ಮುಂದೆ ಬಿ.ಎ., ಬಿ.ಎಡ್. ಮುಗಿಸಿ ನಿಮ್ಮ ಮುಂದೆ ನಿಂತೆ.

ಆಮೇಲೆ ಕೋಳಿಯ ಲೋಕವೇ ಬದಲಾಯಿತು. ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಫಾರಂ ಸುಧಾರಿತ ತಳಿಗಳ ಮರಿಗಳನ್ನು ಹಂಚಿತು. ಇಟಲಿ ಮೂಲದ ಬಿಳಿ ಲೆಗ್‌ಹಾರ್ನ್ ಎಲ್ಲೆಡೆ ಹರಡಿತು. 1971ರಲ್ಲಿ ಬಿ.ವಿ. ರಾವ್ ಅವರು ಆರಂಭಿಸಿದ ವೆಂಕಟೇಶ್ವರ ಹ್ಯಾಚರೀಸ್ ಮತ್ತು 1982ರ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಕೋಳಿ ಸಾಕಣೆಯನ್ನು ದೊಡ್ಡ ಉದ್ಯಮವನ್ನಾಗಿ ಮಾಡಿದವು. ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಯಿಟ್ಟರೆ, ಪಂಜರದ ಕೋಳಿ ಮುನ್ನೂರರ ಹತ್ತಿರ ಇಡುತ್ತದೆ. ಮೊಟ್ಟೆ ಬಡವರಿಗೂ ಎಟುಕಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಬುಟ್ಟಿಯವನು ಹಳ್ಳಿಗೆ ಬರುವುದನ್ನು ನಿಲ್ಲಿಸಿದ. ಸಾಸಿವೆ ಡಬ್ಬಿಯಲ್ಲಿ ಸಾಸಿವೆ ಮಾತ್ರ ಉಳಿಯಿತು.

ಹಿತ್ತಲನ್ನು ವಿಜ್ಞಾನಿಗಳು ಪೂರ್ತಿ ಮರೆಯಲಿಲ್ಲವೆಂಬುದನ್ನೂ ಹೇಳಬೇಕು. ಹೆಬ್ಬಾಳದ ವಿಜ್ಞಾನಿಗಳು ಹಿತ್ತಲಿಗೆಂದೇ 'ಗಿರಿರಾಜ' ತಳಿಯನ್ನು ಅಭಿವೃದ್ಧಿಪಡಿಸಿದರು. ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ. 2005ರಲ್ಲಿ ಬಿಡುಗಡೆಯಾದ 'ಸ್ವರ್ಣಧಾರ' ಅದಕ್ಕಿಂತ ಹಗುರವಾದ ಹಕ್ಕಿ, ಬೆಕ್ಕು ನಾಯಿಗಳಿಂದ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಮೊಟ್ಟೆ 180ರ ಆಸುಪಾಸು. ಇಂಥ ತಳಿಗಳು ಕಾವಿಗೆ ಕೂರುವುದಿಲ್ಲವೆಂಬುದೊಂದೇ ಕೊರತೆ. ಮರಿ ಬೇಕೆಂದರೆ ನಾಟಿ ಹ್ಯಾಟೆಯ ಕೆಳಗೆ ಮೊಟ್ಟೆಯಿಡಬೇಕು, ಇಲ್ಲವೇ ಮತ್ತೆ ಫಾರಮ್ಮಿಗೆ ಹೋಗಬೇಕು. ಪಾಲಿಗೆ ಕೊಡುವ ಪದ್ಧತಿ ಮರೆಯಾದುದಕ್ಕೆ ಇದೂ ಒಂದು ಕಾರಣ.

ನಮ್ಮ ಹಳ್ಳಿಯೂ ಮೊದಲಿನಂತೆ ಉಳಿಯಲಿಲ್ಲ. ಎನ್.ಜಿ.ಇ.ಎಫ್. 2002ರಲ್ಲಿ ಬಾಗಿಲು ಮುಚ್ಚಿತು. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಮೊದಲ ಮೆಟ್ರೊ ಓಡಿದ್ದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಯ ನಡುವೆ. 2022ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಆರಂಭವಾಯಿತು. ನಮ್ಮ ಹಿತ್ತಲಿನಲ್ಲಿ ಹುಣಿಸೆಮರವಿಲ್ಲ, ತಿಪ್ಪೆಯಿಲ್ಲ. ಗೋಡೆಗೋಡೆಗಳ ನಡುವೆ ಇಪ್ಪತ್ತು ಅಡಿ ಉದ್ದದ ಮಣ್ಣಿನ ಜಾಗವಷ್ಟೇ ಉಳಿದಿದೆ.

ಕಳೆದ ವರ್ಷ ಮೊಮ್ಮಗಳ ಹಟಕ್ಕೆ ಆರು ಸ್ವರ್ಣಧಾರ ಮರಿಗಳನ್ನು ತಂದೆವು. ಮಗ ಗೂಡಿಗೆ ಜಾಲರಿ ಬಿಗಿದ. ಸೊಸೆ ದೀಪ ಕಟ್ಟಿದಳು. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ, ಅನಂತರ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ. ಮರಿಗಳು ದೀಪದ ಕೆಳಗೆ ಒತ್ತಾಗಿ ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ ಎಂದು ತಿಳಿಯಬೇಕು. ಮೊದಲ ವಾರದಲ್ಲೇ ರಾಣಿಖೇತ್ ಲಸಿಕೆಯ ಹನಿ ಹಾಕಿಸಿದಾಗ ನನ್ನ ಕೈ ಯಾಕೋ ನಡುಗಿತು. ಎಂಟನೆಯ ವಾರದ ಹೊತ್ತಿಗೆ ಚುಚ್ಚುಮದ್ದನ್ನೂ ಹಾಕಿಸಿದೆವು. ಐದೂವರೆ ತಿಂಗಳಿಗೆ ಮೊದಲ ಮೊಟ್ಟೆ ಬಂತು. ಬಿಸಿ ಆರದ ಆ ಮೊಟ್ಟೆಯನ್ನು ಮೊಮ್ಮಗಳು ಎರಡು ಕೈಯಲ್ಲಿ ಹಿಡಿದು ಮನೆಯೆಲ್ಲ ಸುತ್ತಿದಳು.

ಸಾಕಬೇಕೆನ್ನುವವರಿಗೆ ಒಂದು ಎಚ್ಚರಿಕೆಯ ಮಾತು. ಹಕ್ಕಿಜ್ವರ ದೂರದ ಸುದ್ದಿಯಲ್ಲ. 2012ರ ಅಕ್ಟೋಬರಿನಲ್ಲಿ ಹೆಸರಘಟ್ಟದ ಫಾರಮ್ಮಿನಲ್ಲೇ ಅದು ಕಾಣಿಸಿಕೊಂಡು ಅಲ್ಲಿಯ ಹಕ್ಕಿಗಳನ್ನೆಲ್ಲ ಕೊಲ್ಲಬೇಕಾಯಿತು. 2025ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಮನೆಕೋಳಿಗಳಿಗೇ ಬಂತು. ಕೋಳಿಗಳು ಒಮ್ಮೆಲೇ ಸತ್ತರೆ ಮುಟ್ಟದೆ, ಬಚ್ಚಿಡದೆ, ಪಶುವೈದ್ಯರಿಗೆ ತಿಳಿಸಿ.

ಯುದ್ಧಕಾಲದಲ್ಲಿ, 1918ರಲ್ಲಿ, ಅಮೆರಿಕ ಸರ್ಕಾರವು ಮನೆಯ ಹಿತ್ತಲಿನಲ್ಲಿ ಕೋಳಿ ಸಾಕುವುದು ದೇಶಸೇವೆಯೆಂದು ಭಿತ್ತಿಪತ್ರ ಹೊರಡಿಸಿತ್ತು. ನಮ್ಮ ತಾಯಂದಿರಿಗೆ ಯಾರೂ ಹಾಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ನಮ್ಮ ರಾಜ್ಯದಲ್ಲಿ 2021ರ ಕೊನೆಗೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡಲಾರಂಭಿಸಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು, ಮಾರುವ ಮೊಟ್ಟೆಯನ್ನು ಮಕ್ಕಳಿಗೆ ಕೊಡಲಾರದೆ ಬುಟ್ಟಿಗೆ ಹಾಕುತ್ತಿದ್ದ ಅಮ್ಮನ ಮುಖ. ಕೋಳಿ ಸಾಕಿದ ಮನೆಯಲ್ಲಿ ನಾವು ಮೊಟ್ಟೆ ತಿಂದದ್ದು ಅಪರೂಪ.

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿದ್ದ ಅಜ್ಜಿಯ ಕಥೆ ಹೇಳಿ ನಾನು ನಿಮ್ಮನ್ನೆಲ್ಲ ನಗಿಸಿದ್ದುಂಟು. ಇಂದು ಆ ಅಜ್ಜಿಯನ್ನು ಕಂಡು ನಗಲಾರೆ. ಊರಿನ ಮಾತು ಹೇಗೋ ಕಾಣೆ, ನನ್ನ ಬದುಕಿಗಂತೂ ಬೆಳಗಾದದ್ದು ಇಬ್ಬರು ಹೆಂಗಸರ ಕೋಳಿಗಳಿಂದ.

ಮೊಮ್ಮಗಳಿಗೆ ಕೊಟ್ಟ ಉತ್ತರ ಇಷ್ಟೇ: "ಗೂಡು ಗುಡಿಸಿದವಳು ನೀನು. ದುಡ್ಡು ನಿನ್ನದು. ಯಾರನ್ನೂ ಕೇಳಬೇಕಾಗಿಲ್ಲ." ಅವಳು ಅಡಿಗೆಮನೆಯಿಂದ ಒಂದು ಖಾಲಿ ಡಬ್ಬಿಯನ್ನು ಹುಡುಕಿಕೊಂಡು ಬಂದಳು.

ನಿಮ್ಮ ಮನೆಯಲ್ಲೂ ಅಂಥ ಡಬ್ಬಿಯೊಂದು ಇದ್ದಿರಬಹುದು. ಅದು ಯಾರದಾಗಿತ್ತು, ಅದರಿಂದ ಏನಾಯಿತು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಹೇಳುವವರು ಇರುವಾಗಲೇ ಕೇಳಿ.